ಮಿಸಿಸಿಪ್ಪಿಯ ಮೇಲೆ ಪಟ್ಟದ ಗೊಂಬೆ

ಮಲ್ಲೇಶ್ವರ, ಬೆಂಗಳೂರು
3 ಆಗಸ್ಟ್ 2025

ಪ್ರೀತಿಯ ಬಿಂದು ಅಕ್ಕಾ,

ಮದುವೆಯಾದ ಮೇಲೆ ನಿನಗೆ ನನ್ನ ಮೊದಲ ಇ-ಮೇಲ್! ಫೋನಿನಲ್ಲಿ ನಾನು ಮಾತು ಶುರು ಮಾಡಿದರೆ ನಿನ್ನ ಶಾಲೆಯ ಗಂಟೆ ಹೊಡೆದರೂ ನಿಲ್ಲಿಸುವುದಿಲ್ಲ, ಅದಕ್ಕೇ ಬರೆ, ಅದೂ ಕನ್ನಡದಲ್ಲೇ ಬರೆ, ನಿನ್ನ ಗ್ರೀನ್‌ವಿಲ್ ಊರಿನಲ್ಲಿ ನಿನಗೆ ಓದಲು ಒಂದು ಕನ್ನಡ ಬೋರ್ಡೂ ಇಲ್ಲ ಅಂದೆಯಲ್ಲ. ಬರೆಯುತ್ತಿದ್ದೇನೆ ನೋಡು. ಟೀಚರ್ ಆಗಿ ಓದಬೇಡ, ಅಕ್ಕ ಆಗಿ ಓದು.

ಮೊದಲು ಆಕರ್ಷನ ಸುದ್ದಿ. ನಿನ್ನೆ ಎಂಟನೇ ಕ್ರಾಸಿನಲ್ಲಿ ಮಲ್ಲಿಗೆ ಕೊಡಿಸಿದ. ತಾನೇ ಮುಡಿಸುತ್ತೇನೆಂದು ಹಟ ಹಿಡಿದು, ರಸ್ತೆಯಲ್ಲೇ, ಹೂವಿನವಳ ಎದುರಲ್ಲೇ, ಹೇರ್‌ಪಿನ್ನನ್ನು ತನ್ನ ಬೆರಳಿಗೆ ಚುಚ್ಚಿಕೊಂಡ! ಹೂವಿನವಳು, “ಮದ್ವೆ ಆಗಿ ಎಷ್ಟು ದಿನ ಆಯ್ತು? ಇನ್ನೊಂದ್ ವರ್ಷ ಕಳೀಲಿ, ಹೂವಾ, ಯಾಕೆ ಅಂತ ಕೇಳ್ತಾನೆ” ಅಂದಳು. ನಾನು ನಕ್ಕು ನಕ್ಕು ಕೂರುವಂತಾಯಿತು. ಅಕ್ಕಾ, ಇಷ್ಟು ಖುಷಿಯಾಗಿರುವುದು ಸರಿಯೋ ತಪ್ಪೋ ಎಂದು ಕೆಲವೊಮ್ಮೆ ಭಯವಾಗುತ್ತದೆ. ವೀಸಾ ತೊಂದರೆಯಿಂದ ಮದುವೆಗೆ ನಿನಗೆ ಬರಲಾಗಲಿಲ್ಲ. ಅದೊಂದೇ ಕೊರತೆ.

ಈಗ ಮುಖ್ಯ ವಿಷಯ. ನಮ್ಮತ್ತೆ ಜಾನಕಮ್ಮನವರ ದಸರಾ ಗೊಂಬೆ ಈ ಬೀದಿಗೆಲ್ಲ ಹೆಸರುವಾಸಿ. ಒಂಬತ್ತು ಮೆಟ್ಟಿಲು, ಪ್ರತಿ ವರ್ಷ ಬೇರೆ ಬೇರೆ ಥೀಮ್. ಈ ಸಲ ಹೊಸ ಸೊಸೆಯೇ ಆರಿಸಬೇಕಂತೆ. ನನ್ನ ಬಾಯಿಂದ ತಟ್ಟನೆ ಬಂದಿದ್ದು, “ಮಿಸಿಸಿಪ್ಪಿ!”

“ಮೈಸೂರು ಬಿಟ್ಟು ಮಿಸಿಸಿಪ್ಪಿನಾ? ಅದ್ಯಾವ ದೇವ್ರಮ್ಮ?”

“ದೇವ್ರಲ್ಲ ಅತ್ತೆ, ನದಿ. ಆ ರಾಜ್ಯದ ಹೆಸ್ರೂ ಅದೇ. ನಮ್ಮಕ್ಕ ಏಳನೇ ಕ್ಲಾಸಿಗೆ ಸೈನ್ಸ್ ಹೇಳ್ಕೊಡೋದು ಅಲ್ಲೇ.”

“ನದಿನಾ? ಹಾಗಾದ್ರೆ ದೇವ್ರೇ ಬಿಡು. ಮಾಡು.”

ಹೀಗೆ ಪಾಸಾಯಿತು! ಮೇಲಿನ ಮೆಟ್ಟಿಲಿನಿಂದ ಕೆಳಗಿನವರೆಗೆ ನೀಲಿ ರೇಷ್ಮೆಯ ನದಿ ಹರಿಸುತ್ತೇನೆ. ಅಕ್ಕಪಕ್ಕ ಊರು, ಹತ್ತಿ ಹೊಲ, ಹಡಗು. ನಿನಗೆ ಗೊತ್ತಿರುವುದನ್ನೆಲ್ಲ ಬರೆದು ಕಳಿಸು. ಬಂದವರಿಗೆ ನಾನೇ ನಿಂತು ವಿವರಿಸುತ್ತೇನೆ. ನಿನ್ನ ಊರನ್ನು ನಮ್ಮ ಹಾಲಿಗೆ ತಂದು ನಿಲ್ಲಿಸಿದಂತೆ ಆಗುತ್ತದೆ ಅಲ್ವಾ?

ಇನ್ನೊಂದು ಸಣ್ಣ ವಿಷಯ ಕೇಳಬೇಕಿತ್ತು. ಆಮೇಲೆ ಕೇಳುತ್ತೇನೆ.

ನಿನ್ನ,
ತನ್ಮಯಿ

*

ಗ್ರೀನ್‌ವಿಲ್, ಮಿಸಿಸಿಪ್ಪಿ
8 ಆಗಸ್ಟ್ 2025

ತನ್ನೂ,

ಖುಷಿಯಾಗಿರುವುದಕ್ಕೆ ಯಾರ ಪರ್ಮಿಷನ್ನೂ ಬೇಡ. ಆದರೆ ರಸ್ತೆಯಲ್ಲಿ ಹೇರ್‌ಪಿನ್ ಪ್ರಯೋಗ ಬೇಡ.

ನಮ್ಮ ಶಾಲೆ ಆಗಸ್ಟ್ ಮೊದಲ ವಾರವೇ ಶುರುವಾಗಿದೆ. ಹೊರಗೆ ಕಾಲಿಟ್ಟರೆ ಒದ್ದೆ ಟವೆಲ್ ಸುತ್ತಿಕೊಂಡಂಥ ಸೆಕೆ. ನಿನಗೆ ಬೇಕಾದ ಪಾಠ ಹೀಗಿದೆ.

ನದಿ ಹುಟ್ಟುವುದು ಇಲ್ಲಿಂದ ಬಹಳ ಉತ್ತರಕ್ಕೆ, ಮಿನ್ನೆಸೋಟ ರಾಜ್ಯದ ಒಂದು ಸರೋವರದಲ್ಲಿ. ಅಲ್ಲಿ ಅದು ಎಷ್ಟು ಸಣ್ಣದೆಂದರೆ ಕಲ್ಲಿನ ಮೇಲೆ ಕಾಲಿಟ್ಟು ದಾಟಬಹುದು. ಹತ್ತು ರಾಜ್ಯಗಳನ್ನು ಮುಟ್ಟಿಕೊಂಡು ದಕ್ಷಿಣದ ಕೊಲ್ಲಿಗೆ ಸೇರುತ್ತದೆ. ಇಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಆ ಹೆಸರಿಗೆ ದೊಡ್ಡ ನದಿ ಎಂದೇ ಅರ್ಥ. ನಮ್ಮ ರಾಜ್ಯಕ್ಕೆ ಅದು ಪಶ್ಚಿಮದ ಗಡಿ. ಅಂದರೆ ನದಿಯ ಹೆಸರಿಟ್ಟುಕೊಂಡ ರಾಜ್ಯದ ಒಳಗೆ ಆ ನದಿ ಹರಿಯುವುದೇ ಇಲ್ಲ ಎನ್ನಬೇಕು, ಪಕ್ಕದಲ್ಲಿ ಹಾದುಹೋಗುತ್ತದೆ. ರಾಜಧಾನಿ ಜಾಕ್ಸನ್ ಇರುವುದು ಬೇರೊಂದು ನದಿಯ ದಡದಲ್ಲಿ. ನನ್ನ ಗ್ರೀನ್‌ವಿಲ್ ಒಂದು ಕಾಲದಲ್ಲಿ ನದಿಯ ಮೇಲೇ ಇತ್ತು. ನದಿಯ ತಿರುವನ್ನು ಕತ್ತರಿಸಿ ನೇರ ಮಾಡಿದ ಮೇಲೆ ಈಗ ಊರಿನ ಮುಂದಿರುವುದು ಅದು ಬಿಟ್ಟುಹೋದ ಉದ್ದನೆಯ ಕೆರೆ.

ನಿನಗೆ ಇಷ್ಟವಾಗುವ ವಿಷಯ: ಈ ರಾಜ್ಯದ ಹೂವು ಮ್ಯಾಗ್ನೋಲಿಯಾ. ಬಾವುಟದ ನಡುವೆಯೂ ಅದೇ. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಸಂಪಿಗೆ ಅದೇ ಕುಲಕ್ಕೆ ಸೇರಿದ್ದು. ಸಂಪಿಗೆ ರಸ್ತೆಯ ಪಕ್ಕದಲ್ಲಿರುವ ನೀನೂ ಮಿಸಿಸಿಪ್ಪಿಯಲ್ಲಿರುವ ನಾನೂ ಹೂವಿನ ಲೆಕ್ಕದಲ್ಲಿ ನೆರೆಹೊರೆ.

ಒಂದು ಸಂಗತಿ. ಹೋದ ವಾರ ಅಮ್ಮ ತಾನಾಗಿಯೇ ಫೋನ್ ಮಾಡಿದ್ದಳು. ನಾನು ಮದುವೆ ಬೇಡ ಎಂದು ಹೇಳಿ ಇಲ್ಲಿಗೆ ಬಂದ ಮೇಲೆ ಇದೇ ಮೊದಲ ಸಲ. “ಅಲ್ಲಿ ನುಗ್ಗೆಕಾಯಿ ಸಿಗತ್ತೇನೆ?” ಎಂದು ಕೇಳಿದಳು. ಅಷ್ಟೇ. ನಾನು ವಾರವಿಡೀ ಆ ಪ್ರಶ್ನೆಯನ್ನೇ ನೆನೆದುಕೊಂಡು ಓಡಾಡಿದೆ.

ನೀನು ಕೇಳಬೇಕೆಂದಿದ್ದ ಸಣ್ಣ ವಿಷಯ ಯಾವುದು?

ಬಿಂದು

*

ಮಲ್ಲೇಶ್ವರ
17 ಆಗಸ್ಟ್ 2025
(ಡ್ರಾಫ್ಟ್. ಕಳಿಸಿಲ್ಲ)

ಅಕ್ಕಾ,

ಸಣ್ಣ ವಿಷಯ ಪಟ್ಟದ ಗೊಂಬೆ.

ಇವತ್ತು ಅಮ್ಮ ಚಾಮರಾಜಪೇಟೆಯಿಂದ ಬಂದಿದ್ದಳು. ಅತ್ತೆಯ ಗೆಳತಿಯರೂ ಇದ್ದರು. ಹೊಸ ಸೊಸೆಯ ಮೊದಲ ದಸರಾ, ತವರಿನಿಂದ ರಾಜ ರಾಣಿ ಬರಬೇಕು, ತಮ್ಮ ಜೋಡಿಯ ಪಕ್ಕ ನನ್ನ ಜೋಡಿ ನಿಲ್ಲಬೇಕು ಎಂದು ಅತ್ತೆ ಶುರು ಮಾಡಿದರು. ಅಮ್ಮ, “ಹೊಸದು ಒಂದು ಜೋಡಿ ತಂದ್ಕೊಡ್ತೀವಿ” ಅಂದಳು.

“ಹೊಸದು ಅಂಗಡೀಲಿ ಎಲ್ರಿಗೂ ಸಿಗತ್ತಲ್ಲ. ನಿಮ್ಮ ತಾಯಿ ಕಾಲದ್ದು ಇದೆ ಅಂತ ತನ್ಮಯಿ ಹೇಳ್ತಿದ್ಲು?”

“ಅದು ದೊಡ್ಡವಳದ್ದು ಜಾನಕಮ್ಮೋರೇ. ನಮ್ಮಲ್ಲಿ ದೊಡ್ಡ ಮಗಳಿಗೆ ಹೋಗತ್ತೆ. ಅಮ್ಮನಿಂದ ನಂಗೆ ಬಂತು, ನನ್ನಿಂದ ಬಿಂದುಗೆ. ಅವಳು ತನ್ನ ಬಾಯಾರೆ ಬೇಡ ಅಂದ್ರೆ ಮಾತ್ರ ಚಿಕ್ಕವಳಿಗೆ.”

“ದೊಡ್ಡವಳಿಗೆ ಮದುವೆ ಇಲ್ವಲ್ಲ?”

ಯಾರೋ ಒಬ್ಬರು ಕೆಮ್ಮಿದರು. ಅಮ್ಮನ ಮುಖ ಸಣ್ಣದಾಯಿತು. ಅವಳು ನನ್ನ ಕಡೆ ತಿರುಗಿ, “ಅಕ್ಕನ್ನ ಕೇಳಿದ್ಯಾ ನೀನು?” ಅಂದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಕೇಳ್ದೆ ಅಮ್ಮ. ಬೇಡ್ವಂತೆ” ಎಂದುಬಿಟ್ಟೆ.

ಅಮ್ಮನ ಮಾನ ಉಳಿಸಲು ಹಾಗಂದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ಪೂರ್ತಿ ನಿಜವಲ್ಲ. ನನಗೆ ಆ ಗೊಂಬೆ ಬೇಕಿತ್ತು. ಸವೆದ ಮೂಗಿನ ಆ ರಾಣಿ, ನೀನು ಪ್ರತಿ ವರ್ಷ ಚಾಕೊಲೇಟ್ ಕಾಗದದಲ್ಲಿ ಕಿರೀಟ ಮಾಡಿ ತೊಡಿಸುತ್ತಿದ್ದ ಆ ರಾಜ. ನೀನು ಅವರಿಗೆ ಸೀರೆ ಪಂಚೆ ಉಡಿಸುವಾಗ ನಾನು ಪಕ್ಕದಲ್ಲಿ ಕೂತು ಕೊಬ್ಬರಿ ಮಿಠಾಯಿ ತಿನ್ನುತ್ತಿದ್ದೆ. ಅವರ ಮೇಲೆ ನನ್ನ ಕೈ ಬಿದ್ದಿದ್ದೇ ಇಲ್ಲ. ಆದರೂ ಬೇಕಿತ್ತು.

ಅಮ್ಮ ಮತ್ತೆ ಕೇಳಿದಳು, “ಬೇಡ ಅಂದ್ಲಾ? ಅಷ್ಟೇನಾ?”

“ಹೂಂ.”

ಆಮೇಲೆ ಅವಳು ಕಾಫಿ ಕುಡಿಯಲಿಲ್ಲ. ಅಕ್ಕಾ, ನೀನು ಹೇಗೂ ಹೂಂ ಅನ್ನುತ್ತಿದ್ದೆ, ಅಲ್ವಾ? ಈಗ ಕೇಳಿದರೂ ಹೂಂ ಅನ್ನುತ್ತೀಯ ತಾನೆ?

*

ಮಲ್ಲೇಶ್ವರ
18 ಆಗಸ್ಟ್ 2025

ಪ್ರೀತಿಯ ಅಕ್ಕಾ,

ಸೂಪರ್ ಪಾಠ! ಸಂಪಿಗೆ ಮ್ಯಾಗ್ನೋಲಿಯಾ ವಿಷಯ ಅತ್ತೆಗೆ ಎಷ್ಟು ಇಷ್ಟವಾಯಿತೆಂದರೆ, ತರಕಾರಿ ಅಂಗಡಿಯಲ್ಲೂ ಹೇಳಿಬಂದರು. ಆಂಜಿನಯ್ಯ ಎಂಬ ಬಡಗಿ ಮೆಟ್ಟಿಲು ಸರಿಮಾಡಲು ಬಂದಿದ್ದಾನೆ. ನದಿಗೆ ತಿರುವು ಬೇಕು ಅಂದರೆ, “ರೇಷ್ಮೆ ಬಟ್ಟೆಗೆ ನಾನೇನ್ ತಿರುವು ಕೊಡ್ಲಿ ಮೇಡಂ, ಗುಂಡುಪಿನ್ನು ಹೊಡೀರಿ” ಅನ್ನುತ್ತಾನೆ. ಥರ್ಮೋಕೋಲಿನ ಹಡಗು ಮುಗಿಯಿತು. ಅದರ ಹಿಂದೆ ತಿರುಗುವ ಚಕ್ರಕ್ಕೆ ಆಕರ್ಷ ತನ್ನ ಹಳೆಯ ಟೇಬಲ್ ಫ್ಯಾನನ್ನೇ ಬಿಚ್ಚಿದ! ಹತ್ತಿ ಹೊಲಕ್ಕೆ ಮೆಡಿಕಲ್ ಶಾಪಿನ ಹತ್ತಿ. ಮೊಸಳೆಯೂ ಮಾಡಿದ್ದೆ, ಅತ್ತೆ, “ಬೇಡ, ಮಕ್ಕಳು ಹೆದರ್ಕೋತಾವೆ” ಎಂದು ತೆಗೆಸಿದರು.

ಸಣ್ಣ ವಿಷಯ ಏನೆಂದರೆ, ಅಲ್ಲಿ ಬೆಕ್ಕುಮೀನು ಬಹಳ ಸಾಕುತ್ತಾರೆ ಎಂದು ಫೋನಿನಲ್ಲಿ ಅಂದಿದ್ದೆಯಲ್ಲ, ಅದರ ಮೀಸೆ ಎಷ್ಟು ಉದ್ದ ಇರುತ್ತದೆ? ಜೇಡಿಮಣ್ಣಿನಲ್ಲಿ ಮಾಡಬೇಕು. ಅಷ್ಟೇ!

ನಿನ್ನ,
ತನ್ನೂ

*

ಗ್ರೀನ್‌ವಿಲ್
30 ಆಗಸ್ಟ್ 2025

ತನ್ನೂ,

ಮೀಸೆ ಹೆಚ್ಚುಕಡಿಮೆ ತಲೆಯಷ್ಟೇ ಉದ್ದ. ಇದನ್ನು ಕೇಳಲು ಇಷ್ಟು ಪೀಠಿಕೆಯೇ?

ಗೌರಿ ಹಬ್ಬಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಒಂದು ಮಾತೂ ಆಡದೆ ಅಪ್ಪನಿಗೆ ಕೊಟ್ಟಳು. ಅಪ್ಪ, “ಅವಳು ಒಬ್ಬಟ್ಟು ತಟ್ತಿದ್ದಾಳೆ” ಎಂದರು. ಮರುದಿನವೂ ಹಾಗೇ. ನುಗ್ಗೆಕಾಯಿ ಕೇಳಿದ ಅಮ್ಮ ಇವಳೇನಾ ಎನಿಸಿತು. ಇಲ್ಲಿ ಮನೆ ಹಿಂದೆ ಒಂದು ನುಗ್ಗೆ ಸಸಿ ನೆಟ್ಟಿದ್ದೇನೆ ಎಂದು ಹೇಳಬೇಕೆಂದಿದ್ದೆ. ಅವಳ ಬಿಪಿ ಸರಿಯಿದೆಯೇ? ಅವಳು ಪಾಠ ಮಾಡುವ ಶಾಲೆಯಲ್ಲಿ ಏನಾದರೂ ತೊಂದರೆಯೇ? ನೀನು ವಾರವಾರ ನೋಡುತ್ತೀಯ, ಹೇಳು.

ನಿನ್ನ ಮೆಟ್ಟಿಲಿನ ಮೇಲೆ ಬರೀ ಹಡಗು, ಹತ್ತಿ, ಹೂವು ಇದ್ದರೆ ಸಾಲದು. 1927ರಲ್ಲಿ ನಮ್ಮ ಊರಿನ ಉತ್ತರಕ್ಕೆ ನದಿಯ ಒಡ್ಡು ಒಡೆದು ಇಡೀ ಬಯಲು ಮುಳುಗಿತು. ಇಲ್ಲಿ ನದಿಯ ಉದ್ದಕ್ಕೂ ಮಣ್ಣಿನ ಎತ್ತರದ ದಿಬ್ಬ ಕಟ್ಟಿದ್ದಾರೆ. ಸಾವಿರಾರು ಜನ ಪ್ರಾಣ ಉಳಿಸಿಕೊಳ್ಳಲು ಅದರ ಮೇಲೆ ಹತ್ತಿ ಕೂತರು. ಬಹುಪಾಲು ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನ. ಕರೆದೊಯ್ಯಲು ಹಡಗುಗಳು ಬಂದವು. ಬಿಳಿಯರು ಹೊರಟರು. ಉಳಿದವರನ್ನು ಕಳಿಸಿದರೆ ವಾಪಸ್ ಬರುವುದಿಲ್ಲ, ಹತ್ತಿ ಬಿಡಿಸಲು ಆಳು ಸಿಗುವುದಿಲ್ಲ ಎಂದು ಜಮೀನುದಾರರು ತಡೆದರು. ಹಡಗುಗಳು ಹೆಚ್ಚುಕಡಿಮೆ ಖಾಲಿಯಾಗಿಯೇ ಹೋದವು. ನನ್ನ ತರಗತಿಯ ಒಬ್ಬ ಹುಡುಗಿಯ ಮುತ್ತಜ್ಜಿ ಆ ದಿಬ್ಬದ ಮೇಲಿದ್ದಳಂತೆ. ಮೊನ್ನೆ ಪಾಠದ ಮಧ್ಯೆ ಆ ಹುಡುಗಿ ಕೇಳಿದಳು, ಹೋಗುತ್ತೀಯಾ ಇರುತ್ತೀಯಾ ಎಂದು ಮುತ್ತಜ್ಜಿಯನ್ನು ಯಾಕೆ ಒಬ್ಬರೂ ಕೇಳಲಿಲ್ಲ, ಅವಳ ಪರವಾಗಿ ಬೇರೆಯವರು ಯಾಕೆ ಉತ್ತರ ಕೊಟ್ಟರು?

ಇದಕ್ಕೂ ಒಂದಿಷ್ಟು ಜಾಗ ಕೊಡು.

ಬಿಂದು

*

ಮಲ್ಲೇಶ್ವರ
31 ಆಗಸ್ಟ್ 2025

ಅಕ್ಕಾ,

ಅಮ್ಮ ನಿನಗೆ ಏನಾದರೂ ಹೇಳಿದಳಾ? ಅಥವಾ ಅಪ್ಪ? ಏನಾದರೂ ಇದ್ದರೆ ನೇರವಾಗಿ ಕೇಳು. ನದಿ, ಪ್ರವಾಹ ಎಂದು ಸುತ್ತಿ ಬಳಸಿ ಯಾಕೆ ಹೇಳಬೇಕು?

ನಾನು ಹೇಳುವುದಿಷ್ಟೇ. ಕೆಲವೊಮ್ಮೆ ಎಲ್ಲರ ಎದುರು ತಟ್ಟನೆ ಏನಾದರೂ ಹೇಳಬೇಕಾಗುತ್ತದೆ. ಆ ಜಮೀನುದಾರರೂ ಕೆಟ್ಟ ಉದ್ದೇಶದಿಂದ ಮಾಡಿರಲಿಕ್ಕಿಲ್ಲ. ಆ ಹೊತ್ತಿನ ಒತ್ತಡ ಹಾಗಿತ್ತೋ ಏನೋ. ಕೇಳಿದ್ದರೂ ಆ ಜನ ಇರುತ್ತೇವೆ ಎಂದೇ ಹೇಳುತ್ತಿದ್ದರೋ ಏನೋ. ನೂರು ವರ್ಷದ ಹಿಂದಿನದನ್ನು ಈಗ ಯಾರು ತೀರ್ಮಾನ ಮಾಡಬಲ್ಲರು?

ಅಮ್ಮನಿಗೆ ಏನೂ ಇಲ್ಲ. ಹಬ್ಬದ ಆಯಾಸ. ಬಿಪಿ ಸರಿಯಾಗಿದೆ. ಕರೆಕ್ಷನ್ ಪೇಪರುಗಳ ಕಂತೆ ಬಂದಿದೆ. ನೀನು ಸುಮ್ಮನೆ ಚಿಂತೆ ಮಾಡಬೇಡ.

ಪ್ರವಾಹಕ್ಕೂ ಜಾಗ ಕೊಡುತ್ತೇನೆ.

ತನ್ಮಯಿ

*

ಗ್ರೀನ್‌ವಿಲ್
7 ಸೆಪ್ಟೆಂಬರ್ 2025

ತನ್ನೂ,

ನಿನ್ನ ಪತ್ರ ಮೂರು ಸಲ ಓದಿದೆ. ಅರ್ಥವಾಗಲಿಲ್ಲ. ನಾನು ಪ್ರವಾಹದ ಬಗ್ಗೆ ಬರೆದದ್ದು ಪ್ರವಾಹದ ಬಗ್ಗೆಯೇ. ಆ ಜಮೀನುದಾರರಿಗಿದ್ದದ್ದು ಕೆಟ್ಟ ಉದ್ದೇಶವೇ. ಹೇಗೂ ಇರುತ್ತೇವೆ ಎನ್ನುತ್ತಿದ್ದರು ಎಂದು ಗೊತ್ತಿದ್ದರೆ ಕೇಳಲು ಯಾಕೆ ಹೆದರಬೇಕಿತ್ತು? ಈ ಮಾತನ್ನು ನನ್ನ ತರಗತಿಯ ಆ ಹುಡುಗಿಯ ಎದುರು ನೀನು ಹೇಳಲಾರೆ. ಸಂಸಾರದ ಗಡಿಬಿಡಿಯಲ್ಲಿ ಯೋಚಿಸದೆ ಬರೆದೆ ಎಂದುಕೊಳ್ಳುತ್ತೇನೆ. ಅತ್ತೆಯೊಡನೆ ಏನಾದರೂ ಮನಸ್ತಾಪವಾಯಿತೇ?

ಈಗ ನಾನು ಮುಚ್ಚಿಟ್ಟ ಒಂದು ವಿಷಯ. ನಿನಗೆ ಮಾತ್ರ.

ಜುಲೈಯಲ್ಲಿ ಬಾಡಿಗೆ ರೂಮು ಬಿಟ್ಟು ಒಂದು ಚಿಕ್ಕ ಮನೆ ಹಿಡಿದಿದ್ದೇನೆ. ಮರದ ಮನೆ, ಮುಂದೆ ಜಗಲಿ. ನದಿಯ ದಿಬ್ಬ ಕಾಣುತ್ತದೆ. ಬಾಗಿಲಿಗೆ ರಂಗೋಲಿ ಹಾಕಿದೆ, ಪಕ್ಕದ ಮನೆಯ ಮುದುಕ ಬಂದು ಬೇಲಿಗೆ ಬಳಿಯುವ ಸುಣ್ಣ ಚೆಲ್ಲಿಹೋಯಿತಾ ಎಂದು ಕೇಳಿದ. ಈ ವರ್ಷ ಇಲ್ಲಿ ಗೊಂಬೆ ಇಡುತ್ತೇನೆ. ರಟ್ಟಿನ ಪೆಟ್ಟಿಗೆಗಳ ಮೇಲೆ ಬಿಳಿ ಪಂಚೆ ಹೊದಿಸಿ ಮೂರು ಮೆಟ್ಟಿಲು. ಶಾಲೆಯ ಮಕ್ಕಳು ತಂದುಕೊಡುವ ಆಟಿಕೆಗಳೇ ಗೊಂಬೆಗಳು. ಮೇಲಿನ ಮೆಟ್ಟಿಲು ಮಾತ್ರ ಖಾಲಿ ಇಡುತ್ತೇನೆ.

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅಮ್ಮನ ಎದುರು ಕೂತು ಪಟ್ಟದ ಗೊಂಬೆ ಕೇಳುತ್ತೇನೆ. ಮದುವೆಯಾಗದವಳಿಗೆ ಅದು ಯಾಕೆ ಎನ್ನುತ್ತಾಳೆ, ಗೊತ್ತು. ಹೊರಡುವ ದಿನ ಅದನ್ನೇ ಅಂದಿದ್ದಳು, “ಮನೇನೇ ಇಲ್ಲದೋಳಿಗೆ ಪಟ್ಟದ ಗೊಂಬೆ ಎಲ್ಲಿಡ್ತೀಯೇ?” ಈಗ ಮನೆಯಿದೆ ತನ್ನೂ. ಗಂಡನಿಲ್ಲದೆಯೂ ಇದು ಮನೆಯೇ ಎಂದು ಅವಳು ಒಪ್ಪಬೇಕು. ನನಗೆ ಗೊಂಬೆಗಿಂತ ಹೆಚ್ಚಾಗಿ ಬೇಕಾಗಿರುವುದು ಅದು. ನುಗ್ಗೆಕಾಯಿ ಕೇಳಿದ ದಿನದಿಂದ, ಒಪ್ಪಬಹುದು ಎಂಬ ಆಸೆ.

ಅವಳಿಗೆ ಈಗಲೇ ಹೇಳಬೇಡ. ನಾನೇ ಕೇಳಬೇಕು.

ಅಕ್ಕ

*

ಮಲ್ಲೇಶ್ವರ
24 ಸೆಪ್ಟೆಂಬರ್ 2025

ಪ್ರೀತಿಯ ಅಕ್ಕಾ,

ಉತ್ತರ ತಡವಾಯಿತು, ಸಾರಿ. ಗೊಂಬೆ ಕೂರಿಸುವ ಕೆಲಸ ಒಂದೇ ಎರಡೇ! ನಿನ್ನ ಹೊಸ ಮನೆಯ ವಿಷಯ ಕೇಳಿ ತುಂಬಾ ತುಂಬಾ ಖುಷಿಯಾಯಿತು.

ಮಿಸಿಸಿಪ್ಪಿ ಹರಿಯುತ್ತಿದೆ. ಬೀದಿಯೆಲ್ಲ ಬಂದು ನೋಡಿದೆ. ಫ್ಯಾನಿನ ಚಕ್ರ ತಿರುಗಿದಾಗಲೆಲ್ಲ ಮಕ್ಕಳು ಚಪ್ಪಾಳೆ ಹೊಡೆಯುತ್ತವೆ. ಎದುರುಮನೆಯ ರವಿಕುಮಾರ್ ಅಂಕಲ್ ಕನ್ನಡಕ ಏರಿಸಿಕೊಂಡು, “ಅಲ್ಲೂ ಪಕ್ಕದ ರಾಜ್ಯದ ಜೊತೆ ನೀರಿಗೆ ಗಲಾಟೆ ಇದ್ಯೇನಮ್ಮ?” ಅಂದರು.

“ಅಲ್ಲಿ ನೀರು ಜಾಸ್ತಿ ಬರೋದೇ ಗಲಾಟೆ ಅಂಕಲ್.”

“ಹಾಗಾದ್ರೆ ಪುಣ್ಯವಂತರು ಬಿಡು.”

ಐದನೇ ಮೆಟ್ಟಿಲಲ್ಲಿ ಪ್ರವಾಹ ಇಟ್ಟಿದ್ದೇನೆ. ಮಣ್ಣಿನ ದಿಬ್ಬ, ಅದರ ಮೇಲೆ ಒತ್ತೊತ್ತಾಗಿ ಕೂತ ಸಣ್ಣ ಗೊಂಬೆಗಳು, ದೂರ ಹೋಗುತ್ತಿರುವ ಖಾಲಿ ಹಡಗು. ಬಂದವರಿಗೆ ಅದನ್ನು ಮಾತ್ರ ನಾನು ಬೇಗಬೇಗ ಹೇಳಿ ಮುಗಿಸುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ಫೋಟೋಗಳನ್ನು ಜೊತೆಗಿಟ್ಟಿದ್ದೇನೆ. ಹೇಗಿದೆ ಹೇಳು!

ತನ್ನೂ

*

ಗ್ರೀನ್‌ವಿಲ್
26 ಸೆಪ್ಟೆಂಬರ್ 2025

ತನ್ನೂ,

ಫೋಟೋಗಳನ್ನು ತರಗತಿಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದೆ. ಮಕ್ಕಳು ತಮ್ಮ ನದಿಯನ್ನು ರೇಷ್ಮೆಯಲ್ಲಿ ನೋಡಿ ಕೂಗಾಡಿದರು. ಮುತ್ತಜ್ಜಿಯ ಹುಡುಗಿ ಮಾತ್ರ ಐದನೇ ಮೆಟ್ಟಿಲನ್ನು ಬಹಳ ಹೊತ್ತು ನೋಡಿದಳು. ನಿನಗೆ ಥ್ಯಾಂಕ್ಸ್ ಹೇಳಬೇಕಂತೆ.

ಒಂದು ಫೋಟೋದಲ್ಲೂ ಮೇಲಿನ ಮೆಟ್ಟಿಲು ಬಂದಿಲ್ಲ. ನದಿ ಎಲ್ಲಿಂದ ಹೊರಡುತ್ತದೆ ಎಂದು ಮಕ್ಕಳು ಕೇಳುತ್ತಿದ್ದಾರೆ. ಅದೊಂದು ಕಳಿಸು.

ಬಿಂದು

*

ಗ್ರೀನ್‌ವಿಲ್
30 ಸೆಪ್ಟೆಂಬರ್ 2025

ತನ್ನೂ, ಫೋಟೋ ಬರಲಿಲ್ಲ. ಫೋನೂ ಎತ್ತುತ್ತಿಲ್ಲ. ಮೇಲಿನ ಮೆಟ್ಟಿಲಲ್ಲಿ ಏನಿದೆ?

*

ಮಲ್ಲೇಶ್ವರ
4 ಅಕ್ಟೋಬರ್ 2025

ಅಕ್ಕಾ,

ಮೇಲಿನ ಮೆಟ್ಟಿಲಲ್ಲಿ ನಿನ್ನ ರಾಜ ರಾಣಿ ಇದ್ದರು.

ನೀನು ಬೇಡ ಎಂದೆ ಅಂತ ನಾನು ಆಗಸ್ಟಿನಲ್ಲೇ ಅಮ್ಮನಿಗೆ ಸುಳ್ಳು ಹೇಳಿದೆ, ಅತ್ತೆಯ ಗೆಳತಿಯರ ಎದುರು. ಆ ದಿನ ಬರೆದು ಕಳಿಸದೆ ಉಳಿಸಿಕೊಂಡ ಪತ್ರವನ್ನು ಇದರ ಜೊತೆಗೇ ಕಳಿಸಿದ್ದೇನೆ. ಅಮ್ಮ ನಿನ್ನ ಜೊತೆ ಮಾತು ಬಿಟ್ಟದ್ದು ಅದಕ್ಕೇ. ಬಿಪಿಯೂ ಅಲ್ಲ, ಪೇಪರ್ ಕರೆಕ್ಷನ್ನೂ ಅಲ್ಲ. ನೀನು ಅವಳ ಮನೆಯನ್ನೇ ಬೇಡ ಎಂದೆ ಅಂತ ಅವಳು ತಿಳಿದುಕೊಂಡಳು. ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಬೇರೆ ಬೇರೆ ಕಾರಣ ಬರೆಯುತ್ತಾ ಹೋದೆ.

ನಿನ್ನ ಹೊಸ ಮನೆಯ ಪತ್ರ ಬಂದಾಗಲೇ ಹೇಳಬಹುದಿತ್ತು. ಆಗ ಗೊಂಬೆ ಇನ್ನೂ ಚಾಮರಾಜಪೇಟೆಯಲ್ಲೇ ಇತ್ತು. ಹೇಳಲಿಲ್ಲ. ಅಮಾವಾಸ್ಯೆಯ ದಿನ ಅಮ್ಮ ಅದನ್ನು ತಂದುಕೊಟ್ಟಾಗ ಎರಡೂ ಕೈ ಚಾಚಿ ತೆಗೆದುಕೊಂಡೆ. ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಕದಲಿಸುವಂತಿಲ್ಲವಲ್ಲ. ಬಂದವರೆಲ್ಲ ತಲೆಯೆತ್ತಿ ಅವರನ್ನು ಹೊಗಳುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ.

ವಿಜಯದಶಮಿ ಸಂಜೆ ಅಮ್ಮ ಬಂದಳು. ಹಾಲು ತುಂಬ ಜನ. ಯಾರದೋ ಮಗು ಐದನೇ ಮೆಟ್ಟಿಲು ತೋರಿಸಿ, “ಆಂಟಿ, ಇವ್ರನ್ಯಾಕೆ ಹಡಗಿಗೆ ಹತ್ತಿಸ್ಕೊಳ್ಲಿಲ್ಲ?” ಅಂತು. ಹತ್ತಿ ಬಿಡಿಸಲು ಆಳು ಬೇಕಿತ್ತು ಎಂದು ಹೇಳಿದೆ. “ಇವ್ರಿಗೆ ಹೋಗ್ಬೇಕಿತ್ತಾ?” ಅಂತು. “ಯಾರೂ ಕೇಳ್ಲಿಲ್ಲ ಪುಟ್ಟಾ” ಎಂದು ತಿರುಗಿದೆ. ಅಮ್ಮ ನನ್ನ ಹಿಂದೆಯೇ ನಿಂತಿದ್ದಳು.

“ಅಮ್ಮಾ, ನಾನು ಅಕ್ಕನ್ನ ಕೇಳೇ ಇರ್ಲಿಲ್ಲ” ಎಂದೆ.

“ಏನು ಕೇಳಿರ್ಲಿಲ್ಲ?”

“ಗೊಂಬೆ. ಅವಳು ಬೇಡ ಅಂತ ಅಂದೇ ಇಲ್ಲ. ನಾನೇ ಅಂದಿದ್ದು.”

ನಾನು ಅಲ್ಲೇ ಅಳಲು ಶುರುಮಾಡಿದೆ. ಅತ್ತೆ ಕುಂಕುಮದ ತಟ್ಟೆಯನ್ನು ನನ್ನ ಕೈಗೆ ತುರುಕಿ, “ಮೊದ್ಲು ಬಂದವ್ರಿಗೆ ಕುಂಕುಮ ಕೊಡು. ಅಳೋದು ಆಮೇಲೆ” ಅಂದರು. ಕೊಟ್ಟೆ. ಎಲ್ಲರ ಹಣೆಯೂ ಮಂಜು ಮಂಜಾಗಿ ಕಾಣುತ್ತಿತ್ತು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಅಮ್ಮ ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸಿಂಕಿನ ಹತ್ತಿರ ನಿಂತು, ನನ್ನ ಕಡೆ ತಿರುಗದೆ ಹೇಳಿದಳು. “ನಾನಾದ್ರೂ ಒಂದು ಫೋನ್ ಮಾಡಿ ಕೇಳ್ಬೋದಿತ್ತಲ್ಲೇ. ನೀನು ಬೇಡ್ವಂತೆ ಅಂದ ತಕ್ಷಣ ನಂಬ್ಬಿಟ್ಟೆ. ನನ್ನ ಹೊಟ್ಟೇಲಿ ಹುಟ್ಟಿದವಳು ಹಾಗಂದಾಳಾ ಅಂತ ಯೋಚ್ನೇನೂ ಮಾಡ್ಲಿಲ್ಲ.” ನಲ್ಲಿ ಬಿಗಿ ಮಾಡಿ, “ಅವಳಿಗೆ ಬೇಕಂತಾ?” ಅಂದಳು.

ಅಕ್ಕಾ, ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಿನ್ನ ಮರದ ಮನೆ, ಮೂರು ಮೆಟ್ಟಿಲು, ಎಲ್ಲವನ್ನೂ ಹೇಳಿ ಅವಳನ್ನು ಸಮಾಧಾನ ಮಾಡಿಬಿಡಬಹುದಿತ್ತು. “ಅವಳನ್ನೇ ಕೇಳಮ್ಮ” ಎಂದೆ. ಅಷ್ಟೇ ಹೇಳಿದ್ದೇನೆ. ನಿನ್ನ ಡಿಸೆಂಬರಿನ ವಿಷಯ ಅವಳಿಗೆ ಗೊತ್ತಿಲ್ಲ.

ಅತ್ತೆ, “ಕೇಳ್ದೆ ತಂದಿದ್ದು ನಮ್ಮನೇಲಿ ಬೇಡ” ಎಂದರು. ನಿನ್ನೆ ಬೆಳಿಗ್ಗೆ ಅಮ್ಮ ರಾಜ ರಾಣಿಯನ್ನು ತನ್ನ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಆಕರ್ಷ ತಿಂಡಿ ತಿನ್ನುವಾಗ, “ನಂಗಾದ್ರೂ ಹೇಳ್ಬೋದಿತ್ತಲ್ವಾ?” ಅಂದ. ತಿಂಡಿ ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಹೊರಟ.

ಆ ಹುಡುಗಿಯ ಥ್ಯಾಂಕ್ಸ್ ನನಗೆ ಸಲ್ಲುವುದಿಲ್ಲ. ಅವಳಿಗೆ ಏನು ಹೇಳಬೇಕೋ ನೀನೇ ನೋಡು. ಜಮೀನುದಾರರ ಪರವಾಗಿ ನಾನು ಬರೆದ ಆ ಪತ್ರವನ್ನು ಇವತ್ತು ಮತ್ತೆ ಓದಿದೆ.

ತನ್ಮಯಿ

*

ಗ್ರೀನ್‌ವಿಲ್
19 ಅಕ್ಟೋಬರ್ 2025

ತನ್ಮಯಿ,

ಎರಡು ವಾರ ನಿನಗೆ ಬರೆಯಲು ಕೂತು ಎದ್ದೆ. ಬರೆದರೆ ಬೈಗುಳವೇ ಬರುತ್ತಿತ್ತು, ಅದಕ್ಕೆ ಬಿಟ್ಟೆ. ಸಿಟ್ಟು ಗೊಂಬೆ ತೆಗೆದುಕೊಂಡಿದ್ದಕ್ಕಲ್ಲ. ನೀನು ಕೇಳಿದ್ದರೆ, ನನಗೆ ಬೇಕು, ಕೊಡಲಾರೆ ಎನ್ನುತ್ತಿದ್ದೆ. ನೀನು ಅತ್ತು ಮುಖ ಊದಿಸಿಕೊಳ್ಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟಾಗಲೆಲ್ಲ ನಾನು ಏನು ತಪ್ಪು ಮಾಡಿದೆ ಎಂದು ಹುಡುಕುತ್ತಿದ್ದೆ. ಹುಡುಕುವುದನ್ನು ನೀನು ನೋಡುತ್ತಾ ಕೂತೆ.

ಇವತ್ತು ಅಮ್ಮ ಫೋನ್ ಮಾಡಿದಳು. ಅಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು, ಎರಡು ಸಲ ಕೂಗಿತು. ಆಮೇಲೆ ಅವಳೇ ಕೇಳಿದಳು.

“ಬಿಂದೂ, ನಿಂಗೆ ಪಟ್ಟದ ಗೊಂಬೆ ಬೇಕೇನೆ?”

“ಬೇಕು.”

“ಮತ್ತೆ ಮದ್ವೆ?”

“ಅದು ಬೇಡಮ್ಮ. ಗೊಂಬೆ ಬೇಕು.”

“ಹಾಗೆಲ್ಲ ಕೊಟ್ಟಿದ್ದು ನಮ್ಮನೇಲಿ ಇಲ್ಲ.”

“ಗೊತ್ತು.”

ಮನೆಯ ವಿಷಯ ಹೇಳಿದೆ. ಜಗಲಿ, ದಿಬ್ಬ, ರಟ್ಟಿನ ಮೆಟ್ಟಿಲು, ಎಲ್ಲ. ಅಪ್ಪ ಕಾಯ್ತಿದ್ದಾರೆ, ಇಡ್ತೀನಿ ಎಂದಳು. ಇಡಲಿಲ್ಲ. “ಮರದ ಸಾಮಾನು ವಿಮಾನದಲ್ಲಿ ಬಿಡ್ತಾರೇನೆ?” ಎಂದು ಕೇಳಿದಳು.

ವಿಚಾರಿಸಿ ಹೇಳುತ್ತೇನೆ ಎಂದೆ.

ಇದನ್ನು ನಿನಗೆ ತಿಳಿಸಬೇಕು ಅನಿಸಿತು, ತಿಳಿಸಿದೆ. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಸ್ವಲ್ಪ ದಿನ ಬರೆಯಬೇಡ. ಅಮ್ಮ ನನ್ನೊಡನೆ ಮಾತಾಡಿದಳು, ಎಲ್ಲ ಸರಿಹೋಯಿತು, ಅಕ್ಕ ಮನಸ್ಸಿನಲ್ಲೇ ಕ್ಷಮಿಸಿರುತ್ತಾಳೆ ಎಂದು ನನ್ನ ಪರವಾಗಿ ನೀನೇ ಕ್ಷಮಿಸಿಕೊಂಡುಬಿಡಬೇಡ. ಅದನ್ನು ನಾನೇ ಹೇಳಬೇಕು. ಹೇಳುವಂತಾದ ದಿನ ಹೇಳುತ್ತೇನೆ.

ಬಿಂದುಶ್ರೀ